ಟಿವಿಗೆ ಹಾಸ್ಯ ಬರೆಯೋರು ಕೇಳ್ರಿ

ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬಂದು, ಉಂಡು, ಮನೆಮಂದಿ ಮಲಗಿದ ಮೇಲೆ ಮೊಬೈಲಿನಲ್ಲಿ ಕಾಮಿಡಿ ಸ್ಕಿಟ್ ಬರೆಯುವವರು ನೀವು. ನಿಮ್ಮ ಆಸೆಗೆ ಅಡ್ಡ ಬರಬೇಕು ಅಂತ ಕೂತಿಲ್ಲ. ನಗಿಸುವವರು ಊರಿಗೆ ಬೇಕು, ಟಿವಿಗಂತೂ ಬೇಕೇ ಬೇಕು. ಆದರೆ ಆಸೆಯ ಜೊತೆಗೆ ನೀವು ಮಾಡುವ ಹುಡುಗಾಟಗಳನ್ನು ಕಂಡೂ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುವುದಿಲ್ಲ.

ಎಲ್ಲಕ್ಕೂ ಮೊದಲು, ನೌಕರಿ ಬಿಟ್ಟು ಬೆಂಗಳೂರಿಗೆ ಹೊರಡುವ ಮಾತು ನಿಲ್ಲಿಸಿ. ‘ಫುಲ್ ಟೈಮ್ ಬರೆದರೇನೇ ಬರಹಗಾರ’ ಅಂತ ನಿಮ್ಮ ತಲೆಯಲ್ಲಿ ಯಾರು ತುಂಬಿದರೋ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ಸರ್ಕಾರಿ ನೌಕರಿ ಮಾಡುತ್ತಲೇ ತಿಂಮನನ್ನು ಸೃಷ್ಟಿಸಿದರು. ‘ಕೊರವಂಜಿ’ ನಗೆ ಪತ್ರಿಕೆಯನ್ನು 1942ರಲ್ಲಿ ಶುರು ಮಾಡಿ 25 ವರ್ಷ ನಡೆಸಿದ ರಾ.ಶಿ. ವೃತ್ತಿಯಿಂದ ಡಾಕ್ಟರು. ಹಗಲು ರೋಗಿಗಳನ್ನು ನೋಡಿಕೊಂಡೇ ನಾಡನ್ನು ನಗಿಸಿದರು. ಅವರಿಗೆ ಆದದ್ದು ನಿಮಗೆ ಯಾಕೆ ಆಗಬಾರದು? ಹೊಟ್ಟೆ ತುಂಬಿದ್ದರೆ ಹಾಸ್ಯವೂ ಬರುತ್ತದೆ, ಸಿಗುವ ಮೊದಲ ಕೆಟ್ಟ ಕರಾರಿಗೆ ‘ಬೇಡ’ ಅನ್ನುವ ಧೈರ್ಯವೂ ಬರುತ್ತದೆ.

ದೂರದ ಬೆಟ್ಟ ನುಣ್ಣಗೆ. ಟಿವಿ ಅಂದರೆ ನಿಮ್ಮ ಕಣ್ಣಿಗೆ ಸೆಟ್ಟು, ಲೈಟು, ಚಪ್ಪಾಳೆ ಕಾಣುತ್ತವೆ. ಬರೆಯುವವರ ಪಾಡು ಬೇರೆ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ಅಷ್ಟನ್ನು ವಾರಕ್ಕೆ ಐದಾರು ದಿನ ತುಂಬಬೇಕು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಬರೆದ ಮಾತು ಕೆಲವೊಮ್ಮೆ ಶೂಟಿಂಗ್ ದಿನವೇ ಬದಲಾಗುತ್ತದೆ. ಗುರುವಾರ ಟಿಆರ್‌ಪಿ ಬಂತೆಂದರೆ ನೀವು ಮುದ್ದಿನಿಂದ ಬೆಳೆಸಿದ ಪಾತ್ರವೇ ಊರು ಬಿಟ್ಟು ಹೋಗಬಹುದು. 2016ರಲ್ಲಿ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಬಂತಲ್ಲ, ಗೆದ್ದ ಶಿವರಾಜ್ ಕೆ.ಆರ್. ಪೇಟೆಯವರ ಹೆಸರು ನಿಮಗೆ ಗೊತ್ತು. ಅದರ ಸ್ಕಿಟ್ ಬರೆದವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ತಡವರಿಸಿದಿರಲ್ಲ? ಈ ಕೆಲಸದಲ್ಲಿ ಹೆಸರು ಬೇಗ ಸಿಗುವುದಿಲ್ಲ ಅಂತ ಈಗಲೇ ತಿಳಿದುಕೊಂಡರೆ ಮುಂದೆ ಮುಖ ಊದಿಸಿಕೊಂಡು ಕೂಡುವುದು ತಪ್ಪುತ್ತದೆ.

ಇನ್ನು ನಿಮ್ಮ ಬರವಣಿಗೆಗೆ ಬರೋಣ. ಇಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ನೀವು ಕಡೇಚೂರಿನವರು. ಅತ್ತ ಕಡೆ ಮಕ್ತಲ್, ನಾರಾಯಣಪೇಟೆ. ಇತ್ತ ಸೈದಾಪುರ, ಯಾದಗಿರಿ. ಒಂದೇ ಚಹಾದಂಗಡಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಸೇರಿ ಜಗಳ ಆಡುವುದನ್ನು ದಿನಾ ಕೇಳುತ್ತೀರಿ. ಈಗ ಕಾರ್ಖಾನೆಗಳು ಬಂದ ಮೇಲೆ ಬಿಹಾರ, ಒಡಿಶಾದ ಹುಡುಗರ ಹಿಂದಿಯೂ ಸೇರಿದೆ. ಭೂಮಿ ಕೊಟ್ಟ ರೈತ, ಅದೇ ಭೂಮಿಯ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗುವ ಅವನ ಮಗ, ಗಾಳಿಯಲ್ಲಿ ಬರುವ ವಾಸನೆ ಯಾವ ಔಷಧದ್ದು ಅಂತ ಕಟ್ಟೆಯ ಮೇಲೆ ಕೂತು ತಕರಾರು ಮಾಡುವ ಮುದುಕರು. ಇಷ್ಟೆಲ್ಲ ಕಣ್ಣೆದುರು ಇಟ್ಟುಕೊಂಡು ನೀವು ಬರೆದದ್ದು ಏನು? ಬೆಂಗಳೂರಿನ ಮಾಲ್‌ನಲ್ಲಿ ಹುಡುಗಿಯ ಹಿಂದೆ ಬಿದ್ದ ಹುಡುಗನ ಸ್ಕಿಟ್! ಹಿತ್ತಲ ಗಿಡ ಮದ್ದಲ್ಲ ಅಂದವರು ನಿಮ್ಮನ್ನು ನೋಡಿಯೇ ಅಂದಿರಬೇಕು.

ನಮ್ಮ ಮಾತನ್ನು ಬಳಸಿ ಅಂದೆ ಅಂತ ಪ್ರತಿ ಸಾಲಿನ ಕೊನೆಗೂ ಒಂದು ‘ರೀ’ ಅಂಟಿಸಬೇಡಿ. ಟಿವಿಯಲ್ಲಿ ಉತ್ತರ ಕರ್ನಾಟಕದ ಮಾತು ಅಂದರೆ ವಾಚ್‌ಮನ್ನು, ಮನೆಗೆಲಸದಾಕೆ, ಪೆದ್ದ ಮಾವ ಅನ್ನುವಂತಾಗಿದೆ. ಇನ್ನೊಬ್ಬರು ಹಾಗೆ ಮಾಡಿದರೆ ಕೇಳುವವರು ಯಾರೂ ಇಲ್ಲ ಅಂದುಕೊಳ್ಳಬಹುದು. ಆದರೆ 1994ರ ಕೇಬಲ್ ಟಿವಿ ನಿಯಮಗಳಲ್ಲೇ ಒಂದು ಭಾಷೆಯ, ಒಂದು ಪ್ರದೇಶದ ಜನರನ್ನು ಹೀಯಾಳಿಸಿ ತೋರಿಸಬಾರದು ಅಂತ ಇದೆ. ಮಾತಿನ ಧಾಟಿಗೆ ಜನ ನಕ್ಕರೆ ಅದು ನಿಮ್ಮ ಜೋಕಲ್ಲ. ಆಡುವವನು ಜಾಣನಾಗಿರಲಿ, ಅವನ ಮಾತು ಯಾದಗಿರಿಯದೇ ಇರಲಿ, ಆಗ ನೋಡಿ ಸಭೆ ಹೇಗೆ ತಿರುಗುತ್ತದೆ. ಗಂಗಾವತಿ ಪ್ರಾಣೇಶರು ನಾಡೆಲ್ಲ ಸುತ್ತಿ ನಗಿಸಿದ್ದು ನಮ್ಮ ಸೀಮೆಯ ಮಾತಿನಲ್ಲೇ, ಅದೂ ತಲೆ ಎತ್ತಿಕೊಂಡು.

ಇನ್ನೊಂದು ಚಟ ನಿಮ್ಮದು. ತೆಲುಗು ಅರ್ಥವಾಗುತ್ತದೆ ಅಂತ 2013ರಿಂದ ಈಟಿವಿಯಲ್ಲಿ ಬರುತ್ತಿರುವ ‘ಜಬರ್ದಸ್ತ್’ನ ಸ್ಕಿಟ್ ನೋಡಿ, ಊರು-ಹೆಸರು ಬದಲಾಯಿಸಿ ಕನ್ನಡಕ್ಕೆ ಇಳಿಸುವುದು. ನಿಮಗೆ ಹೈದರಾಬಾದ್ ಹತ್ತಿರ, ನಿಜ. ಚಾನೆಲ್ಲಿನಲ್ಲಿ ಕೂತವರಿಗೂ ಅದು ದೂರವೇನಲ್ಲ, ಅವರೂ ನೋಡಿರುತ್ತಾರೆ. ಒಮ್ಮೆ ಕಳ್ಳ ಅನ್ನಿಸಿಕೊಂಡರೆ ನಿಮ್ಮ ಸ್ವಂತದ್ದನ್ನೂ ಯಾರೂ ತೆರೆದು ನೋಡುವುದಿಲ್ಲ. ನೋಡಿ, ಕಲಿಯಿರಿ, ಬೇಡ ಅನ್ನುವುದಿಲ್ಲ. ಹಾಗೆ ಕಲಿಯುವುದಕ್ಕೆ ನಮ್ಮಲ್ಲೇ ‘ಪಾಪ ಪಾಂಡು’ ಇದೆ, ವಿಜಯಪ್ರಸಾದರ ‘ಸಿಲ್ಲಿ ಲಲ್ಲಿ’ ಇದೆ. ಒಂದೇ ಮನೆ, ಅದೇ ನಾಲ್ಕಾರು ಮಂದಿ. ‘ಸಿಲ್ಲಿ ಲಲ್ಲಿ’ಯಲ್ಲಿ ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್ ಒಳಗೆ ಬಂದರೆ ಸಾಕು, ಮಾತಾಡುವ ಮೊದಲೇ ನಗು. ಪಾತ್ರ ಗಟ್ಟಿಯಾಗಿ ನಿಂತಿತ್ತು, ಅದಕ್ಕೆ. ನಿಮ್ಮ ಸ್ಕಿಟ್‌ನಲ್ಲಿ ಜೋಕುಗಳಿವೆ, ಮನುಷ್ಯರಿಲ್ಲ. ವಿಜಯಪ್ರಸಾದರು ಆಮೇಲೆ 2012ರಲ್ಲಿ ‘ಸಿದ್ಲಿಂಗು’ ಸಿನಿಮಾ ಮಾಡಿದರು ಅನ್ನುವುದನ್ನೂ ನೆನಪಿಡಿ. ಟಿವಿಯಲ್ಲಿ ಸವೆದ ಕೈ ವ್ಯರ್ಥವಾಗುವುದಿಲ್ಲ.

ಬರೆದದ್ದನ್ನು ಎಲ್ಲಿ ಪರೀಕ್ಷೆ ಮಾಡಬೇಕು ಅಂತ ಕೇಳುತ್ತೀರಿ. ವಾಟ್ಸಾಪಿನಲ್ಲಿ ಗೆಳೆಯರು ಕಳಿಸುವ ನಗುಮುಖ ಲೆಕ್ಕಕ್ಕಿಲ್ಲ, ಓದದೆಯೂ ಕಳಿಸುತ್ತಾರೆ. ಜಾತ್ರೆಗೆ ನಮ್ಮ ಹಳ್ಳಿಗಳಲ್ಲಿ ಇನ್ನೂ ನಾಟಕ ಕಟ್ಟುತ್ತಾರಲ್ಲ, ಅದರ ಹಾಸ್ಯದ ಸೀನು ಬರೆದುಕೊಡಿ. ಪಕ್ಕದ ಜೇವರ್ಗಿಯ ರಾಜಣ್ಣನವರನ್ನು ನೋಡಿ. ಅವರ ‘ಕುಂಟ ಕೋಣ ಮೂಕ ಜಾಣ’ ಸಾವಿರಾರು ಪ್ರದರ್ಶನ ಕಂಡಿತು. ಟಿಕೆಟ್ ಕೊಟ್ಟು ಬಂದ ಹಳ್ಳಿಯ ಜನ ಮನೆಮಂದಿ ಸಮೇತ ಕೂತು ನಕ್ಕರು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಆಯಾ ದಿನದ ಸುದ್ದಿಯನ್ನೇ ಮಾತಿಗೆ ಸೇರಿಸುತ್ತಿದ್ದರು, ಹಾಗಾಗಿ ನಾಟಕ ಹಳೆಯದಾದರೂ ಮಾತು ಹಳಸಲಿಲ್ಲ. ನೀವು ಪರದೆಯ ಪಕ್ಕದಲ್ಲಿ ನಿಂತು ಜನರ ಮುಖ ನೋಡಿ. ಎಲ್ಲಿ ನಕ್ಕರು, ಎಲ್ಲಿ ಬೀಡಿ ಹಚ್ಚಲು ಎದ್ದರು, ಎರಡನ್ನೂ ಬರೆದಿಟ್ಟುಕೊಳ್ಳಿ. ಜನ ನಗದಿದ್ದರೆ ‘ನಮ್ಮೂರ ಮಂದಿಗೆ ಟೇಸ್ಟ್ ಇಲ್ಲ’ ಅನ್ನಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕುಳ್ಳ, ಕರಿಯ, ತೊದಲುವವ, ಸೀರೆ ಉಟ್ಟ ಗಂಡಸು, ಇವಿಷ್ಟನ್ನೂ ನಿಮ್ಮ ವಹಿಯಿಂದ ಹೊಡೆದು ಹಾಕಿ. ಜಾತಿಯ ಹೆಸರು ಹಿಡಿದು ಆಡುವ ಚೇಷ್ಟೆಯಂತೂ ಬೇಡವೇ ಬೇಡ. ನಗೆ ಹೋಗಿ ಹಗೆಯಾಗಲು ಒಂದು ಮಾತು ಸಾಕು. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳುವ ಅಗತ್ಯ ನಿಮ್ಮಂಥವರಿಗೆ ಇರಬಾರದು.

ಚಾನೆಲ್ಲಿಗೆ ಕಳಿಸುವ ಹೊತ್ತಿಗೆ ಏಳೆಂಟು ನಿಮಿಷದ ಸ್ಕಿಟ್ ಇರಲಿ. ಜಾಗ ಒಂದೇ, ಪಾತ್ರ ಮೂರೋ ನಾಲ್ಕೋ. ಕೈಯಲ್ಲಿ ಒಂದೇ ಒಂದು ಇಟ್ಟುಕೊಂಡು ಹೋಗಬೇಡಿ. ‘ಇನ್ನೇನಿದೆ?’ ಅಂತ ಅವರು ಕೇಳಿದಾಗ ತಲೆ ಕೆರೆದುಕೊಳ್ಳುವವರಿಗೆ ಎರಡನೇ ಸಲ ಕರೆ ಬರುವುದಿಲ್ಲ. ಕಾಗುಣಿತ ಸರಿ ಮಾಡಿ, ಪುಟಕ್ಕೆ ಅಂಕಿ ಹಾಕಿ, ಫೋನ್ ನಂಬರ್ ಬರೆಯಿರಿ. ಆಕಾಶವಾಣಿಯ ಕಲಬುರಗಿ ನಿಲಯಕ್ಕೂ ಒಂದು ಕಿರುನಾಟಕ ಕಳಿಸಿ. ಬರೀ ಕಿವಿಗೆ ಬರೆದು ನಗಿಸಲು ಕಲಿತವರಿಗೆ ಟಿವಿಯ ಸಂಭಾಷಣೆ ಸಲೀಸು. ಉತ್ತರ ಬರದಿದ್ದರೆ ದಿನಾ ಫೋನ್ ಮಾಡಿ ಪೀಡಿಸಬೇಡಿ, ಮುಂದಿನದ್ದನ್ನು ಬರೆಯಲು ಕೂಡಿ. ತಾಳಿದವನು ಬಾಳಿಯಾನು.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ. ಸಂಭಾವನೆ ಸಾಮಾನ್ಯವಾಗಿ ಎಪಿಸೋಡ್ ಲೆಕ್ಕ, ಕೈಗೆ ಬರುವುದು ಪ್ರಸಾರವಾಗಿ ಎಷ್ಟೋ ದಿನದ ಮೇಲೆ. ‘ಐಡಿಯಾ ಕದ್ದರು’ ಅಂತ ಅಳಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಕಾಯುವುದು ಬರೆದ ರೂಪವನ್ನು, ಬಾಯಲ್ಲಿ ಹೇಳಿದ ಐಡಿಯಾವನ್ನಲ್ಲ. ಅದಕ್ಕೇ ಮೊದಲು ಬರೆಯಿರಿ, ತಾರೀಖಿನ ಸಮೇತ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ, ಆಮೇಲೆ ಬಾಯಿ ಬಿಡಿ. ಬೇಕಿದ್ದರೆ ಮುಂಬಯಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನ ಸದಸ್ಯರಾಗಿ ಸ್ಕ್ರಿಪ್ಟ್ ನೋಂದಾಯಿಸಬಹುದು. ಹಕ್ಕು ಬರೆದುಕೊಡುವುದಾದರೆ ಅದು ಕಾಗದದ ಮೇಲೆ, ಸಹಿಯ ಸಮೇತ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆಯ ಪ್ರಕಾರ 5 ವರ್ಷ ಅಂತಲೇ ಅರ್ಥ. ‘ಶಾಶ್ವತವಾಗಿ’ ಅನ್ನುವ ಪದ ಎಲ್ಲಿದೆ ಅಂತ ಹುಡುಕಿ ನೋಡಿ. ಸಂಬಳಕ್ಕೆ ಕೂತು ಬರೆದರೆ ಮಾತು ಬೇರೆ, ಆಗ ಹಕ್ಕು ಸಾಮಾನ್ಯವಾಗಿ ಸಂಬಳ ಕೊಟ್ಟವರದು. ಇಂಗ್ಲಿಷಿನ ಕರಾರು ಅರ್ಥವಾಗದಿದ್ದರೆ ಯಾದಗಿರಿಯಲ್ಲಿ ವಕೀಲರಿಗೇನು ಬರವೇ? ಫೀಸು ಕೊಟ್ಟು ಓದಿಸಿ.

ಬೆಂಗಳೂರಿನಿಂದ ಕರೆ ಬಂದ ದಿನ ರಜೆ ಹಾಕಿ ಹೋಗಿ ಬನ್ನಿ, ರಾಜೀನಾಮೆ ಕೊಟ್ಟು ಅಲ್ಲ. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ವಾಪಸ್ ಟಿಕೆಟ್ಟನ್ನೂ ಮೊದಲೇ ಮಾಡಿಸಿಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಳ್ಳಿ. ಅಲ್ಲಿ ಕಾಯಿಸುತ್ತಾರೆ, ಹಸಿದು ಸಿಡುಕಬೇಡಿ. ಕಾಯುವಾಗ ಮೊಬೈಲ್ ಒಳಗಿಟ್ಟು ಪಕ್ಕದಲ್ಲಿ ಕಾಯುತ್ತಿರುವವರ ಮಾತು ಕೇಳಿ, ಮುಂದಿನ ಸ್ಕಿಟ್ ಅಲ್ಲೇ ಕೂತಿರುತ್ತದೆ. ಮತ್ತೆ, ಹೋದದ್ದು ಏನಾಯಿತು ಅಂತ ಅವ್ವನಿಗೆ ಅವತ್ತೇ ಫೋನ್ ಮಾಡಿ ಹೇಳಿ.