ಕಿಲೋಮೀಟರಿಗೊಂದು ರೂಪಾಯಿ ತೆಗೆದಿಡು

ಪುಟ್ಟಿ, ನಿನ್ನ ಕಾರಿಗೆ ಎಷ್ಟಾಯಿತು ಅಂತ ನೆಂಟರೆಲ್ಲ ಕೇಳಿದರು. ಇಎಂಐ ಎಷ್ಟು ಬೀಳುತ್ತದೆ ಅಂತಲೂ ಕೇಳಿದರು. ಅದನ್ನು ವರ್ಷವರ್ಷವೂ ಚೆನ್ನಾಗಿಟ್ಟುಕೊಳ್ಳಲು ಏನು ಖರ್ಚು ಅಂತ ಒಬ್ಬರೂ ಕೇಳಲಿಲ್ಲ. ಶೋರೂಮಿನವರು ‘ಮೂರು ಸರ್ವೀಸ್ ಫ್ರೀ ಮೇಡಂ’ ಅಂದು ಬೀಗದ ಕೈ ಕೊಟ್ಟು ಕಳಿಸಿರುತ್ತಾರೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೈಗೆ ಆಯಿಲ್ ಮೆತ್ತಿಕೊಂಡೇ ನಿವೃತ್ತನಾದವನು ನಾನು. ಈ ಲೆಕ್ಕವನ್ನು ನಿನಗೆ ಬಿಡಿಸಿ ಹೇಳದೆ ಇದ್ದರೆ ನನಗೆ ಸಮಾಧಾನವಾಗುವುದಿಲ್ಲ.

ಮೊದಲು ಆ ‘ಫ್ರೀ’ ವಿಷಯ. ಫ್ರೀ ಅನ್ನುವುದು ಕೂಲಿ ಮಾತ್ರ. ಆಯಿಲ್, ಫಿಲ್ಟರ್, ಸಣ್ಣಪುಟ್ಟ ವಾಷರು, ಇವಕ್ಕೆಲ್ಲ ನೀನೇ ದುಡ್ಡು ಕೊಡಬೇಕು. ನಿನ್ನ ಮಾರುತಿಗೆ ಮೊದಲ ಸರ್ವೀಸ್ 1,000 ಕಿ.ಮೀ. ಅಥವಾ ಒಂದು ತಿಂಗಳಿಗೆ, ಎರಡನೆಯದು 5,000 ಅಥವಾ ಆರು ತಿಂಗಳಿಗೆ, ಮೂರನೆಯದು 10,000 ಅಥವಾ ಒಂದು ವರ್ಷಕ್ಕೆ. ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಮೊದಲೆರಡು ಸಲ ಮುಖ್ಯವಾಗಿ ನೋಡುವುದು, ಬಿಗಿ ಮಾಡುವುದು, ತೊಳೆಯುವುದು. ಬಿಲ್ ಬಂದರೂ ಕೆಲವು ನೂರು ರೂಪಾಯಿ ಬರಬೇಕು, ಅಷ್ಟೇ. ಮೂರನೆಯದಕ್ಕೆ ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಾಗುತ್ತದೆ. ಚಿಕ್ಕ ಎಂಜಿನ್ನಿಗೆ ಮೂರು ಲೀಟರಿನ ಆಸುಪಾಸು ಆಯಿಲ್ ಸಾಕು. ಎರಡು, ಎರಡೂವರೆ ಸಾವಿರದೊಳಗೆ ಮುಗಿಯುವ ಕೆಲಸ ಅದು. ನಾಲ್ಕನೆಯದರಿಂದ ಕೂಲಿಯೂ ಸೇರುತ್ತದೆ, ಕೂಲಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿಯೂ ಸೇರುತ್ತದೆ. ಒಂದು ವರ್ಷ ನಾಲ್ಕು ಸಾವಿರ, ಬ್ರೇಕ್ ಫ್ಲೂಯಿಡ್, ಏರ್ ಫಿಲ್ಟರ್ ಅಂಥವೆಲ್ಲ ಒಟ್ಟಿಗೆ ಬದಲಾದ ವರ್ಷ ಆರೇಳು ಸಾವಿರ. ಊರಿಂದ ಊರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ನಿಮ್ಮ ಚಿಕ್ಕಪ್ಪನ ಹಳೆಯ ಬಿಲ್ ಇಟ್ಟುಕೊಂಡು ಹೋಲಿಸಬೇಡ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ತೆರಿಗೆ 28ರಿಂದ 18ಕ್ಕೆ ಇಳಿದಿದೆ. ಚಿಕ್ಕ ಕಾರುಗಳ ಮೇಲಿನ ತೆರಿಗೆ ಇಳಿದದ್ದೂ ಅವತ್ತೇ.

ಇನ್ನು ನಮ್ಮ ಬೀದಿಯ ಹುಡುಗನ ವಿಷಯ ಹೇಳುತ್ತೇನೆ. ಬೇರೆ ಕಂಪನಿಯ ಕಾರು. ಮೂರನೆಯ ಫ್ರೀ ಸರ್ವೀಸಿಗೆ ಬಿಟ್ಟು, ಎಂಟು ಸಾವಿರದ ಮೇಲೆ ತೆತ್ತು ಬಂದ. ಬಿಲ್ ತಂದು ತೋರಿಸು ಅಂದೆ. ಇಬ್ಬರೂ ಜಗಲಿಯಲ್ಲಿ ಕೂತು ಒಂದೊಂದೇ ಸಾಲಿಗೆ ಪೆನ್ಸಿಲ್ ಇಟ್ಟೆವು. ಎಂಜಿನ್ ಆಯಿಲ್, ಸರಿ. ಆಯಿಲ್ ಫಿಲ್ಟರ್, ಸರಿ. ಡ್ರೇನ್ ಬೋಲ್ಟಿನ ವಾಷರ್, ಅದೂ ಸರಿ, ಪ್ರತಿ ಸಲ ಹೊಸದು ಹಾಕಲೇಬೇಕು. ಅಲ್ಲಿಂದ ಕೆಳಕ್ಕೆ ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿಗೆ ವಾಸನೆ ಹೋಗುವ ಸ್ಪ್ರೇ, ಒಳಗಿನ ಸೀಟಿಗೆ ಪಾಲಿಶ್, ಹೊರಗಿನ ಬಣ್ಣಕ್ಕೆ ಕೋಟಿಂಗ್. ಒಂದು ವರ್ಷದ ಎಂಜಿನ್ನಿನೊಳಗೆ ತೊಳೆದು ತೆಗೆಯುವಂಥ ಕೊಳೆ ಏನು ಕೂತಿರುತ್ತದೆ? ಕಾರಿನ ಜೊತೆ ಬಂದ ಮ್ಯಾನ್ಯುಯಲ್ ತೆಗೆಸಿ, ಸರ್ವೀಸ್ ಪಟ್ಟಿಯ ಪುಟ ಬಿಚ್ಚಿ ತೋರಿಸಿದೆ. ಮೇಲಿನ ಮೂರು ಸಾಲು ಅದರಲ್ಲಿದ್ದವು. ಕೆಳಗಿನದ್ದು ಒಂದೂ ಇರಲಿಲ್ಲ. ‘ಅವರು ಕೇಳಿದರು ಅಂಕಲ್, ನಾನು ಹ್ಞೂಂ ಅಂದೆ’ ಅಂದ. ಮೋಸ ಅಂತ ಕರೆಯಲಾಗದು, ಯಾಕೆಂದರೆ ಅವನೇ ಸಹಿ ಹಾಕಿದ್ದಾನೆ. ಆದರೆ ಹೊಸದಾಗಿ ಸಂಬಳ ಕಾಣುತ್ತಿರುವ ಹುಡುಗನ ಐದು ಸಾವಿರ ಹಾಗೆ ಹೋದದ್ದು ನೋಡಿ ನನಗೆ ನಿಜಕ್ಕೂ ನೋವಾಯಿತು.

ಅದಕ್ಕೇ ಹೇಳುತ್ತೇನೆ. ಆ ಮ್ಯಾನ್ಯುಯಲ್ ಪುಸ್ತಕದ ಪ್ಲಾಸ್ಟಿಕ್ ಕವರು ಇವತ್ತೇ ಬಿಚ್ಚು. ಹಿಂಭಾಗದಲ್ಲಿ ಒಂದು ಪಟ್ಟಿ ಇರುತ್ತದೆ, ಒಂದು ಕಡೆ ಕೆಲಸಗಳು, ಇನ್ನೊಂದು ಕಡೆ ಕಿಲೋಮೀಟರು ಮತ್ತು ತಿಂಗಳು. ಎಲ್ಲಿ ಬದಲಿಸಬೇಕು, ಎಲ್ಲಿ ಬರೀ ನೋಡಿದರೆ ಸಾಕು ಅಂತ ಸ್ಪಷ್ಟವಾಗಿ ಗುರುತು ಹಾಕಿರುತ್ತಾರೆ. ಆ ಪುಟದ ಫೋಟೋ ಫೋನಿನಲ್ಲಿರಲಿ. ಸರ್ವೀಸಿಗೆ ಬಿಡುವಾಗ ಅಡ್ವೈಸರ್ ಜಾಬ್ ಕಾರ್ಡ್ ಬರೆಯುತ್ತಾರಲ್ಲ, ಆಗ ಪಟ್ಟಿ ಹಿಡಿದು ಮಾತಾಡು. ‘ಪಟ್ಟಿಯಲ್ಲಿರುವುದನ್ನೆಲ್ಲ ಮಾಡಿ ಸಾರ್, ಬೇರೆ ಏನು ಮಾಡುವುದಿದ್ದರೂ ಮೊದಲು ಫೋನ್ ಮಾಡಿ’ ಅಂತ ಹೇಳಿ, ಅದನ್ನು ಜಾಬ್ ಕಾರ್ಡಿನಲ್ಲೇ ಬರೆಸು. ಎಸ್ಟಿಮೇಟ್ ಕೈಗೆ ತಗೊ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಹೇಳು. ನೀನು ಹುಡುಗಿ ಅಂತ ಕೆಲವರು ನಿನ್ನ ಜೊತೆ ಬಂದವರ ಮುಖ ನೋಡಿ ಮಾತಾಡುತ್ತಾರೆ. ಹಾಗಾದಾಗ ಹಿಂದೆ ಸರಿಯಬೇಡ, ಕಾರಿನ ಒಡತಿ ನೀನು. ಆದರೆ ಅಡ್ವೈಸರ್ ಮೇಲೆ ಸಿಡುಕಬೇಡ. ಕೋಟಿಂಗು, ಸ್ಪ್ರೇ ಇಷ್ಟು ಮಾರಬೇಕು ಅಂತ ಅವರ ತಲೆಯ ಮೇಲೆ ಟಾರ್ಗೆಟ್ ಇರುತ್ತದೆ. ‘ಈ ಸಲ ಬೇಡ ಸಾರ್’ ಅಂತ ನಗುನಗುತ್ತ ಅಂದರೆ ಸಾಕು.

ಬೇಡ ಅನ್ನಲು ಕಲಿತವರು ಮುಂದೆ ಬೇಕಾದದ್ದಕ್ಕೂ ಬೇಡ ಅನ್ನತೊಡಗುತ್ತಾರೆ. ನನಗೆ ಹೆಚ್ಚು ಭಯ ಇರುವುದು ಅದರದ್ದೇ. ಆಯಿಲ್ ವಿಷಯದಲ್ಲಿ ಒಂದು ಪೈಸೆಯೂ ಉಳಿಸಬೇಡ. ಈಗಿನ ಮಾರುತಿ ಪೆಟ್ರೋಲ್ ಎಂಜಿನ್ನುಗಳಿಗೆ 0ಡಬ್ಲ್ಯು-16 ಅನ್ನುವ ಬಲು ತೆಳು ಆಯಿಲ್ ಹೇಳಿರುತ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ಯಾರಾದರೂ ಹಳೇ ಕಾಲದ 20ಡಬ್ಲ್ಯು-40 ಸುರಿದರೆ ಮೈಲೇಜೂ ಹೋಗುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನ ಭಾಗಗಳಿಗೆ ತಲುಪುವುದೂ ತಡ. ಬ್ರೇಕ್ ಫ್ಲೂಯಿಡ್ ಇನ್ನೂ ಮುಖ್ಯ. ಅದು ಮಳೆಗಾಲದ ಉಪ್ಪಿನ ಡಬ್ಬಿಯ ಹಾಗೆ, ಸುಮ್ಮನೆ ಇದ್ದಲ್ಲೇ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಫ್ಲೂಯಿಡ್ ಬೇಗ ಕುದಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತುತ್ತ ಹೋದರೆ ಬಿಸಿಗೆ ಒಳಗೆ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ, ಕಾಲು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಆಗುವುದು ಒಂದು ಸಾವಿರದ ಸುತ್ತಮುತ್ತ. ಅದಕ್ಕೆ ಯಾವತ್ತೂ ಚೌಕಾಸಿ ಬೇಡ. ಕೂಲೆಂಟ್ ಹಾಗಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಅದು ಲಕ್ಷ ಕಿಲೋಮೀಟರು ಮೀರಿ ಬಾಳುತ್ತದೆ. ವರ್ಷವರ್ಷ ಬದಲಿಸೋಣ ಅಂದರೆ ಪಟ್ಟಿ ತೋರಿಸು. ಕಡಿಮೆಯಾಗಿದೆ ಅಂತ ನಲ್ಲಿ ನೀರು ಮಾತ್ರ ಹಾಕಿಸಬೇಡ.

ನಿಮ್ಮಪ್ಪ ಇಷ್ಟರಲ್ಲೇ ಎರಡು ಮಾತು ಹೇಳಿರಬೇಕು, ಐದು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸು, ಆಗಾಗ ಟ್ಯೂನಿಂಗ್ ಮಾಡಿಸು ಅಂತ. ತಪ್ಪು ತಿಳಿಯಬೇಡ, ಆ ಮಾತಿಗೆ ಕಾರಣವಿತ್ತು. 1983ರ ಕೊನೆಯಲ್ಲಿ ಬೀದಿಗಿಳಿದ ಮಾರುತಿ 800ಕ್ಕೆ ಕಾರ್ಬುರೇಟರ್ ಇತ್ತು. ಅದರ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಕೂರಿಸುವುದು ಒಂದು ಕಲೆಯೇ ಆಗಿತ್ತು. ನಿನ್ನ ಕಾರಿನಲ್ಲಿ ಪೆಟ್ರೋಲ್ ಅಳೆದು ಹಾಕುವುದು ಕಂಪ್ಯೂಟರು. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಗಾಡಿಗಳಲ್ಲಿ ಸ್ಕ್ರೂಡ್ರೈವರಿನಿಂದ ಟ್ಯೂನ್ ಮಾಡುವಂಥದ್ದು ಏನೂ ಉಳಿದಿಲ್ಲ. ಆಯಿಲಿಗೂ ಪಟ್ಟಿಯಲ್ಲಿರುವ ಅವಧಿಯೇ ಲೆಕ್ಕ.

ಆದರೂ ಪಟ್ಟಿಯನ್ನು ಕುರುಡಾಗಿ ಹಿಡಿಯುವ ಹಾಗಿಲ್ಲ. ಕಷ್ಟದ ಓಡಾಟಕ್ಕೆ ಬೇರೆ ಅವಧಿ ಅಂತ ಅದೇ ಮ್ಯಾನ್ಯುಯಲ್ಲಿನಲ್ಲಿ ಇನ್ನೊಂದು ಪಟ್ಟಿ ಕೊಟ್ಟಿರುತ್ತಾರೆ. ಬಳ್ಳಾರಿಯ ಅದಿರಿನ ಧೂಳಿನಲ್ಲಿ ಓಡುವ ಕಾರಿಗೂ ಮೈಸೂರಿನ ಒಳ್ಳೆ ರಸ್ತೆಯಲ್ಲಿ ಓಡುವ ಕಾರಿಗೂ ಏರ್ ಫಿಲ್ಟರ್ ಒಂದೇ ಸಮ ಬಾಳುವುದಿಲ್ಲ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಗೆ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಅಲ್ಲಿ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದರೆ ನಾನು ಬೇಡ ಅನ್ನುವುದಿಲ್ಲ. ನೀನಿರುವುದು ಬೆಂಗಳೂರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತರೂ ಮೀಟರಿನಲ್ಲಿ ಒಂದೋ ಎರಡೋ ಕಿಲೋಮೀಟರು ಏರಿರುತ್ತದೆ, ಎಂಜಿನ್ ಮಾತ್ರ ಅಷ್ಟು ಹೊತ್ತೂ ಉರಿದಿರುತ್ತದೆ. ಹಾಗಾಗಿ ನಿನ್ನ ಲೆಕ್ಕ ಕಿಲೋಮೀಟರಲ್ಲ, ಕ್ಯಾಲೆಂಡರು. ವರ್ಷಕ್ಕೆ ಆರೇ ಸಾವಿರ ಓಡಿದರೂ ಹನ್ನೆರಡನೆಯ ತಿಂಗಳಿಗೆ ಸರ್ವೀಸ್ ಆಗಲೇಬೇಕು. ಜೊತೆಗೆ, ಸಿಗ್ನಲ್ಲಿನಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಕೂರುವ ಚಾಳಿ ಬೆಳೆಸಿಕೊಳ್ಳಬೇಡ. ನ್ಯೂಟ್ರಲ್ ಮಾಡಿ ಕಾಲು ತೆಗೆ. ಕ್ಲಚ್ ಪ್ಲೇಟ್ ಬದಲಿಸುವ ಖರ್ಚು ಒಂದು ವರ್ಷದ ಸರ್ವೀಸಿನ ಖರ್ಚನ್ನೇ ಮೀರಿಸುತ್ತದೆ, ಮತ್ತು ಸವೆದ ಕ್ಲಚ್ ಪ್ಲೇಟಿಗೆ ವಾರಂಟಿ ಕೊಡುವುದಿಲ್ಲ.

ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರೆ ಅಗ್ಗ ಅಲ್ಲವಾ ದೊಡ್ಡಪ್ಪಾ ಅಂತ ಕೇಳುತ್ತೀಯ. ಹೌದು, ಕೂಲಿ ಕಡಿಮೆ. ಜೆ.ಸಿ. ರಸ್ತೆಯಲ್ಲಿ ಎರಡೂ ಕಡೆ ಬಿಡಿಭಾಗದ ಅಂಗಡಿಗಳು ಸಾಲಾಗಿವೆ, ಗೊತ್ತಿರುವ ಮೆಕ್ಯಾನಿಕ್ ಜೊತೆ ಹೋದರೆ ಒಳ್ಳೆ ಮಾಲೇ ಸಿಗುತ್ತದೆ. ಕಂಪನಿಗಳು ಹೊರಗಿನ ಮೆಕ್ಯಾನಿಕ್ಕುಗಳಿಗೆ ಬಿಡಿಭಾಗ, ಉಪಕರಣ ಸಿಗದ ಹಾಗೆ ಮಾಡುತ್ತಿವೆ ಅಂತ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಆ ಮಾತು ಬೇರೆ. ನಾನು ಹೊರಗಿನ ಮೆಕ್ಯಾನಿಕ್ಕುಗಳ ಪರವೇ, ಅವರಲ್ಲಿ ಕೆಲವರ ಕೈಗುಣ ದೊಡ್ಡ ವರ್ಕ್‌ಶಾಪಿನಲ್ಲೂ ಕಾಣುವುದಿಲ್ಲ. ಆದರೂ ವಾರಂಟಿ ಮುಗಿಯುವ ತನಕ ನೀನು ಕಂಪನಿ ಸರ್ವೀಸ್ ಬಿಡಬೇಡ. ಮಾರುತಿಯವರು 2024ರ ಜುಲೈನಲ್ಲಿ ವಾರಂಟಿಯನ್ನು ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಏರಿಸಿದ್ದಾರೆ. ಸ್ಟೇರಿಂಗ್ ಮೋಟರೋ ಎಂಜಿನ್ನಿನ ಕಂಪ್ಯೂಟರೋ ಕೈಕೊಟ್ಟಾಗ ದಾಖಲೆ ಎಲ್ಲಿ ಅಂತ ಕೇಳಿದರೆ ತಡವರಿಸುವ ಹಾಗಾಗಬಾರದು. ಕೂಲಿಯಲ್ಲಿ ಉಳಿಸಿದ ಸಾವಿರ ರೂಪಾಯಿಗೆ ಆ ಅಪಾಯ ಯಾಕೆ? ವಾರಂಟಿ ಮುಗಿಯುವಷ್ಟರಲ್ಲಿ ಮನೆ ಹತ್ತಿರ ನಂಬಿಕಸ್ಥ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಟ್ಟುಕೊ. ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕು. ನಾಳೆ ಕಾರು ಮಾರುವಾಗ ಆ ಫೈಲಿಗೇ ಒಂದು ಬೆಲೆ ಬರುತ್ತದೆ.

ತಿಂಗಳಿಗೊಮ್ಮೆ ಒಂದು ಭಾನುವಾರ ಹತ್ತು ನಿಮಿಷ ಕಾರಿಗೆ ಕೊಡು. ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಬಾನೆಟ್ ಎತ್ತು. ಬಣ್ಣದ ಹಿಡಿಯ ಡಿಪ್‌ಸ್ಟಿಕ್ ಕಣ್ಣಿಗೆ ಬೀಳುತ್ತದೆ. ಎಳೆದು, ಹಳೇ ಕಾಟನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಒಳಗೆ ಕೂರಿಸಿ ತೆಗೆ. ಎರಡು ಗುರುತಿನ ನಡುವೆ ಆಯಿಲ್ ಅಂಟಿರಬೇಕು. ಕಂದು ತಿರುಗಿದೆ ಅಂತ ಗಾಬರಿಯಾಗಬೇಡ, ಕೆಲಸ ಮಾಡಿದ ಆಯಿಲ್ ಹಾಗೇ ಆಗುವುದು. ಕೆಳಗಿನ ಗುರುತು ಮುಟ್ಟಿದ್ದರೆ ಮಾತ್ರ ಅವತ್ತೇ ಫೋನ್ ಮಾಡು. ಟೈರಿಗೆ ಗಾಳಿ ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿದೆ, ಪಂಕ್ಚರ್ ಅಂಗಡಿಯವರ ಅಂದಾಜಿಗೆ ಬಿಡಬೇಡ. ಗಾಳಿ ಸರಿಯಿದ್ದು ಟೈರುಗಳನ್ನು ಹಿಂದೆ ಮುಂದೆ ಮಾಡಿಸುತ್ತಿದ್ದರೆ 40,000 ಕಿ.ಮೀ. ಸಲೀಸಾಗಿ ಬರುತ್ತವೆ.

ಈಗ ಲೆಕ್ಕ. ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿದೆ. ಟ್ರಾಫಿಕ್ಕಿನಲ್ಲಿ ಲೀಟರಿಗೆ 16 ಬಂದರೆ ಕಿಲೋಮೀಟರಿಗೆ ಆರೂವರೆ ರೂಪಾಯಿ ಪೆಟ್ರೋಲಿಗೇ ಹೋಯಿತು. ಸರ್ವೀಸು ಹತ್ತು ಸಾವಿರ ಕಿಲೋಮೀಟರಿಗೆ ಸರಾಸರಿ ಐದು ಸಾವಿರ ಅಂತ ಹಿಡಿ, ಐವತ್ತು ಪೈಸೆ. ನಾಲ್ಕು ಟೈರಿಗೆ ಹದಿನೈದು, ಹದಿನಾರು ಸಾವಿರ, ನಲವತ್ತು ಸಾವಿರ ಕಿಲೋಮೀಟರಿಗೆ ಹಂಚಿದರೆ ನಲವತ್ತು ಪೈಸೆ. ನಾಲ್ಕು ವರ್ಷಕ್ಕೊಂದು ಬ್ಯಾಟರಿ, ಹತ್ತು ಪೈಸೆ. ಪೆಟ್ರೋಲ್ ಬಿಟ್ಟು ಉಳಿದದ್ದೆಲ್ಲ ಸೇರಿ ಕಿಲೋಮೀಟರಿಗೆ ಒಂದು ರೂಪಾಯಿ. ತಿಂಗಳ ಕೊನೆಗೆ ಮೀಟರ್ ನೋಡು. 700 ಓಡಿದ್ದರೆ 700 ರೂಪಾಯಿ, 900 ಓಡಿದ್ದರೆ 900, ಬೇರೆ ಖಾತೆಗೆ ಹಾಕು. ಈ ಮೊದಲ ವರ್ಷವೇ ಶುರು ಮಾಡು, ಯಾಕೆಂದರೆ ಈ ವರ್ಷ ಅದರಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ, ಟೈರು ಬದಲಿಸುವ ವರ್ಷ ಒಟ್ಟಿಗೆ ಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಟೈರು ಹಾಕಿಸಿಕೊಂಡು ಬಡ್ಡಿ ಕಟ್ಟುವ ಗತಿ ನಿನಗೆ ಬರಬಾರದು.

ಸಾವಿರ ಕಿಲೋಮೀಟರಿನ ಸರ್ವೀಸ್ ಹತ್ತಿರ ಬಂದಿರಬೇಕು. ಶನಿವಾರ ನೂಕುನುಗ್ಗಲು, ಯಾರಿಗೂ ನಿಂತು ಮಾತಾಡಲು ಪುರುಸೊತ್ತಿರುವುದಿಲ್ಲ. ವಾರದ ನಡುವೆ ಬೆಳಗ್ಗೆಯೇ ಹೋಗು. ಎಸ್ಟಿಮೇಟ್ ಕೈಗೆ ಬಂದ ಕೂಡಲೇ ನನಗೊಂದು ಫೋಟೋ ಕಳಿಸು, ಸಹಿ ಹಾಕುವ ಮುಂಚೆ.