ಚಿತ್ರಕಥೆ ಬರೆಯಬೇಕೆ?

ಮದ್ದೂರಿನ ಹುಡುಗನೋ ಹುಡುಗಿಯೋ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬಂಡೀಪುರದ ಆನೆ ಬಿಡಿಸುತ್ತ ಕೂತರೆ ಗದರಬೇಡಿ. ಕಾಮಿಕ್ಸ್ ಹೊಟ್ಟೆ ತುಂಬಿಸುವ ಕಸುಬೇ. ಅಮರ ಚಿತ್ರ ಕಥೆಯನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ಆ ಮಾಲಿಕೆಯ ಮೊದಲ 10 ಪುಸ್ತಕಗಳು ಬಂದದ್ದು ಕನ್ನಡದಲ್ಲೇ. ಪೈ ಓದಿದ್ದು ರಸಾಯನ ವಿಜ್ಞಾನ, ಮಾಡಿದ್ದು ಬರವಣಿಗೆ, ಸಂಪಾದನೆ!

ಕಥೆ ಬರೆಯುವವರು, ಪೆನ್ಸಿಲ್‌ನಲ್ಲಿ ಬಿಡಿಸುವವರು, ಶಾಯಿಯಲ್ಲಿ ತಿದ್ದುವವರು, ಬಣ್ಣ ತುಂಬುವವರು, ಮಾತಿನ ಗುಳ್ಳೆಗೆ ಅಕ್ಷರ ಕೂರಿಸುವವರು: ಎಲ್ಲರಿಗೂ ಇಲ್ಲಿ ಕೆಲಸವುಂಟು. ಕಲಿಯಲು ಮೈಸೂರಿನ ಕಲಾ ಕಾಲೇಜು ಕಾವಾ ಹತ್ತಿರವೇ ಇದೆ. ಬೆಂಗಳೂರಿಗೆ ಹೋದಾಗ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ನೋಡಿ.

ಬಿಡಿಚಿತ್ರಗಳ ಕಂತೆ ಸಾಲದು. ನಾಲ್ಕು ಪುಟದ ಒಂದು ಕಥೆ ಮುಗಿಸಿ ತೋರಿಸಿ, ಸಂಪಾದಕರು ನೋಡುವುದು ಅದನ್ನೇ. ಸಂಭಾವನೆ ಎಷ್ಟು, ಹಕ್ಕು ಯಾರದು ಎಂಬುದನ್ನು ಬರಹದಲ್ಲಿ ಪಡೆಯದೆ ಮಾತ್ರ ಕುಂಚ ಎತ್ತಬೇಡಿ.