ವಸ್ತ್ರವೂ ಮನುಷ್ಯನೂ

ಓದತಕ್ಕ ವೇದಭಾಗ: ಯಾಕೋಬ 2:1–9

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳ ಗ್ರಾಮಸ್ಥರಾದ ನಮಗೆ ರೇಷ್ಮೆಯು ಹೊಲದ ಬೆಳೆಯಾಗಿದೆ. ಹುಳುವು ಹಿಪ್ಪುನೇರಳೆ ಸೊಪ್ಪನ್ನು ತಿಂದು, ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ ಚಂದ್ರಿಕೆಯನ್ನೇರುವ ತನಕ ಸುಮಾರು 25 ದಿವಸ ಮನೆಯವರಿಗೆ ಸರಿಯಾದ ನಿದ್ರೆಯಿಲ್ಲ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಆದರೂ ಗೂಡು ಬೆಳೆದವಳು ಅನೇಕ ವೇಳೆ ಹತ್ತಿಯ ಸೀರೆಯನ್ನೇ ಉಟ್ಟು ಆರಾಧನೆಗೆ ಬರುತ್ತಾಳೆ. ಹೀಗಿರಲಾಗಿ ಉಟ್ಟ ವಸ್ತ್ರವನ್ನು ನೋಡಿ ಮನುಷ್ಯನ ಬೆಲೆಯನ್ನು ಕಟ್ಟುವದು ಹೇಗೆ?

1. ವಸ್ತ್ರವು ದೇವರ ದಯೆ. ಆದಾಮ ಹವ್ವರಿಗೆ ಉಡಿಸಿದಾತನು ದೇವರೇ (ಆದಿಕಾಂಡ 3:21). ಆದದರಿಂದ ಮೈಮುಚ್ಚುವ ಮಾನವು ಎಲ್ಲರಿಗೂ ಸಲ್ಲತಕ್ಕದ್ದು. ತಿರುವಾಂಕೂರು ಸಂಸ್ಥಾನದಲ್ಲಿ ಕೀಳೆನಿಸಿದ ಜಾತಿಗಳ ಸ್ತ್ರೀಯರು ಎದೆಯ ಮೇಲೆ ವಸ್ತ್ರ ಧರಿಸಬಾರದೆಂಬ ಕಟ್ಟಳೆ ಇತ್ತು. ಕ್ರೈಸ್ತರಾದ ಸ್ತ್ರೀಯರು ರವಿಕೆ ತೊಟ್ಟದ್ದಕ್ಕಾಗಿ ಪೆಟ್ಟು ತಿಂದರು. ಬಹುಕಾಲದ ಕಲಹದ ತರುವಾಯ 1859ರಲ್ಲಿ ಅರಸನು ಅಪ್ಪಣೆ ಕೊಟ್ಟನು. ಆಗಲೂ ಮೇಲ್ಜಾತಿಯ ಸ್ತ್ರೀಯರ ರೀತಿಯಲ್ಲಿ ಉಡಕೂಡದೆಂದು ನಿಬಂಧನೆಯಿತ್ತು.

2. ವಸ್ತ್ರವು ಅಳತೆಗೋಲಲ್ಲ. ಆ ತಾಯಂದಿರು ಪೆಟ್ಟು ತಿಂದು ಮುರಿದ ನೊಗವನ್ನು ನಾವೇ ಸಭೆಯೊಳಗೆ ಹೂಡಬಹುದೋ? ಜರಿಯ ಅಂಚಿನವರಿಗೆ ಮುಂದಿನ ಚಾಪೆ, ಮಾಸಿದ ಪಂಚೆಯವನಿಗೆ ಬಾಗಲ ಬಳಿಯ ನೆಲ ಎಂದಾದರೆ ಯಾಕೋಬನು ಖಂಡಿಸಿದ ದೋಷವು ನಮ್ಮದೇ. ಹೊಸ ಬಟ್ಟೆಯಿಲ್ಲವೆಂದು ಒಂದು ಕುಟುಂಬವು ಕ್ರಿಸ್ತಜಯಂತಿಯ ದಿನ ಮನೆಯಲ್ಲೇ ಉಳಿದರೆ, ಅವರನ್ನು ತಡೆದದ್ದು ಬಡತನವಲ್ಲ, ನಮ್ಮ ಕಣ್ಣುಗಳು.

3. ವಸ್ತ್ರವು ಹೃದಯವನ್ನು ಪರೀಕ್ಷಿಸುತ್ತದೆ. ಹೊಸದನ್ನುಟ್ಟ ದಿನ ನಮ್ಮ ನಡಿಗೆಯೇ ಬೇರೆಯಾಗುವದನ್ನು ನಾವೆಲ್ಲರೂ ಬಲ್ಲೆವು. ಆ ಸಂತೋಷವು ಪಾಪವಲ್ಲ. ಆದರೆ ಅದು ಸ್ತೋತ್ರಕ್ಕೆ ನಡಿಸುತ್ತದೋ, ನೆರೆಯವಳ ಸೆರಗನ್ನು ಅಳೆಯುವದಕ್ಕೆ ನಡಿಸುತ್ತದೋ ಎಂದು ವಿಚಾರಿಸಿಕೊಳ್ಳಬೇಕು. ಸಾಲ ಮಾಡಿ ಉಟ್ಟ ಸೀರೆಯು ಒಂದೆರಡು ಹಬ್ಬಗಳಲ್ಲಿ ಹಳೆಯದಾಗುವದು. ಬಡ್ಡಿಯಾದರೋ ತಿಂಗಳು ತಿಂಗಳು ಹೊಸದಾಗಿಯೇ ಬರುವದು. ಪೇತ್ರನು ಹೇಳುವ ಒಳಗಣ ಅಲಂಕಾರಕ್ಕೆ (1 ಪೇತ್ರ 3:3–4) ಸಾಲವೂ ಬೇಡ, ಬಡ್ಡಿಯೂ ಇಲ್ಲ.

ಆದದರಿಂದ ಒಗೆದ ಬಟ್ಟೆ, ತಗ್ಗಿದ ಮನಸ್ಸು, ಪಕ್ಕದಲ್ಲಿ ಬಡವನಿಗೆ ಸ್ಥಳ, ಈ ಮೂರರೊಡನೆ ದೇವಾಲಯಕ್ಕೆ ಬರೋಣ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ನಮ್ಮ ಸಭೆಯಲ್ಲಿ ಯಾರು ಎಲ್ಲಿ ಕೂತುಕೊಳ್ಳುತ್ತಾರೆ? ಏಕೆ?
2. ಬಟ್ಟೆಗಾಗಿ ಮಾಡಿದ ಸಾಲವು ಎಷ್ಟು ಮನೆಗಳಲ್ಲಿದೆ?
3. ಮುಂದಿನ ಹಬ್ಬಕ್ಕೆ ಯಾರೂ ಹಿಂದೆ ಉಳಿಯದಂತೆ ನಾವು ಏನು ಮಾಡಬಹುದು?